ಹಾಲೇಶಪ್ಪ ಮಾವ ಹಡಗಿನಲ್ಲಿ ಉಂಡದ್ದು

ನನ್ನ ಸೋದರಮಾವ ಹಾಲೇಶಪ್ಪನವರು ಒಂದು ಪೂರ್ತಿ ಊಟವನ್ನು ಎಂಟು ನಿಮಿಷದಲ್ಲಿ ಮುಗಿಸುತ್ತಿದ್ದರು. ರೊಟ್ಟಿ ಪಲ್ಯವಾಗಲಿ, ಅನ್ನ ಸಾರಾಗಲಿ, ಹಬ್ಬದ ದಿನ ಹೋಳಿಗೆಯ ಮೇಲೆ ಹಾಲು ತುಪ್ಪ ಸುರಿದುಕೊಂಡ ಊಟವಾಗಲಿ, ಗಡಿಯಾರದ ಲೆಕ್ಕ ಮಾತ್ರ ಬದಲಾಗುತ್ತಿರಲಿಲ್ಲ. ಒಂಬತ್ತನೆಯ ನಿಮಿಷಕ್ಕೆ ನೋಡಿದರೆ ಮಾವ ಕೈ ತೊಳೆದು, ಹೆಗಲ ಮೇಲಿನ ಟವೆಲಿನಿಂದ ಮೀಸೆ ಒರೆಸಿಕೊಂಡು, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಎಲೆಗೆ ಸುಣ್ಣ ಸವರುತ್ತಿರುತ್ತಿದ್ದರು. ಹಾಗೆಂದು ಗಬಗಬ ತಿನ್ನುವವರೇನಲ್ಲ. ಸದ್ದಿಲ್ಲ, ಚೆಲ್ಲಾಪಿಲ್ಲಿಯಿಲ್ಲ, ಅವರ ತುಟಿಗೆ ಒಂದು ಅಗುಳು ಅಂಟಿದ್ದನ್ನು ಕಂಡವರಿಲ್ಲ. ಅವರು ಉಂಡು ಬಿಟ್ಟ ತಟ್ಟೆಯನ್ನು ತೊಳೆದದ್ದೆಂದು ತಿಳಿದು ನಾನೇ ಒಮ್ಮೆ ಅದಕ್ಕೆ ಅನ್ನ ಹಾಕಿಕೊಂಡಿದ್ದೇನೆ.

ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶವಿತ್ತು. ಮಾವ ಎಲ್ಲರ ಜೊತೆ ಊಟಕ್ಕೆ ಕೂತು, ಎಲ್ಲರಿಗಿಂತ ಮೊದಲು ಮುಗಿಸಿ, ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಅಲ್ಲಿಗೆ ಬಂದ ಮನೆಯ ಯಜಮಾನರು, ಇವರಿನ್ನೂ ಊಟಕ್ಕೆ ಮುಂಚೆ ಕೈ ತೊಳೆಯುತ್ತಿದ್ದಾರೆಂದು ತಿಳಿದು, ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಮತ್ತೆ ಕೂರಿಸಿದರು. ಮಾವ ಚಕಾರ ಎತ್ತದೆ ಇನ್ನೊಂದು ಊಟ ಮಾಡಿದರು. ಅದಕ್ಕೂ ಎಂಟೇ ನಿಮಿಷ. ಮತ್ತೆ ನಲ್ಲಿಯ ಹತ್ತಿರ ಹೋದರೆ ಈ ಸಲ ಯಜಮಾನರ ಅಣ್ಣ ನಗುತ್ತಾ ಎದುರಿಗೆ ಬಂದರು. ಮಾವ ತೊಳೆಯದ ಕೈಯಲ್ಲೇ ಹಿಂಬಾಗಿಲಿನಿಂದ ಹೊರಬಿದ್ದರು. ಆಮೇಲೆ ನಾನು, ಮೊದಲನೆಯ ಸಲವೇ ಊಟವಾಯಿತೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕರೆದವರಿಗೆ ಬೇಜಾರ್ ಮಾಡಬಾರ್ದು ಅಳಿಯ. ಹೋಳಿಗೆನೂ ಚೆನ್ನಾಗಿತ್ತು" ಅಂದರು.

ಈ ವೇಗ ಅವರಿಗೆ ಬಂದದ್ದು ಭದ್ರಾವತಿಯ ಕಾರ್ಖಾನೆಯಿಂದ. ಮೂವತ್ತನಾಲ್ಕು ವರ್ಷ ಅವರು ಕಬ್ಬಿಣ ಕರಗಿಸುವ ಫರ್ನೇಸಿನ ಮುಂದೆ ದುಡಿದವರು. ಕರಗಿದ ಕಬ್ಬಿಣವನ್ನು ಹೊರಗೆ ಬಿಡುವ ಹೊತ್ತು ಇಂಥದ್ದೇ ಎಂದು ಇರುವುದಿಲ್ಲವಂತೆ. ಬುತ್ತಿ ಬಿಚ್ಚಿದಾಗಲೇ ಕರೆ ಬರುತ್ತಿತ್ತಂತೆ. ಆ ವಿಭಾಗದವರೆಲ್ಲ ನಿಂತೋ ಕೂತೋ ಎಂಟು ಹತ್ತು ನಿಮಿಷದಲ್ಲಿ ಬುತ್ತಿ ಖಾಲಿ ಮಾಡುವುದನ್ನು ಕಲಿತಿದ್ದರು. "ಅನ್ನ ಕಾಯುತ್ತೆ, ಕಬ್ಬಿಣ ಕಾಯಲ್ಲ ಮಾರಾಯ" ಎನ್ನುವುದು ಮಾವನ ಮಾತು. ನಿವೃತ್ತರಾಗಿ ಕಬ್ಬಿಣದ ಮುಖ ನೋಡದೆ ಎಷ್ಟೋ ವರ್ಷವಾದರೂ ಈ ಮಾತನ್ನು ಬಿಟ್ಟಿರಲಿಲ್ಲ. ಶಿವಮೊಗ್ಗದ ಬಸ್ ಹಿಡಿಯುವಾಗಲೂ, ಕ್ಷೌರದಂಗಡಿಯಲ್ಲಿ ಸರದಿ ಮುರಿಯುವಾಗಲೂ ಇದನ್ನೇ ಹೇಳುತ್ತಿದ್ದರು.

ಅವರ ಹೆಂಡತಿ ಪಾರ್ವತತ್ತೆ ಇದಕ್ಕೆ ತದ್ವಿರುದ್ಧ. ಅವರ ಒಂದು ಊಟಕ್ಕೆ ಮುಕ್ಕಾಲು ಗಂಟೆ. ಹಲ್ಲಿನ ತೊಂದರೆಯೇನಿಲ್ಲ, ಮಾತಿನ ತೊಂದರೆ. ಒಂದು ತುತ್ತು, ಒಂದು ಸುದ್ದಿ. ಇನ್ನೊಂದು ತುತ್ತು, ಆ ಸುದ್ದಿಯ ಹಿಂದಿನ ಕಥೆ. ಉಪ್ಪಿನಕಾಯಿ ಇಲ್ಲದಿದ್ದರೂ ನಡೆದೀತು, ಮಾತಿಲ್ಲದೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದರು. ಆದರೆ ಗಂಡ ಉಂಡಾದ ಮೇಲೆ ತಾನು ಉಣ್ಣಬೇಕೆಂಬುದು ಅವರ ತಾಯಿ ಹಾಕಿಕೊಟ್ಟ ರೂಢಿ. ಹಾಗಾಗಿ ಮಾವನಿಗೆ ಬಡಿಸಿ, ತಾವು ತಟ್ಟೆ ಇಟ್ಟುಕೊಂಡು ಕೂರುವ ಹೊತ್ತಿಗೆ ಮಾವ ಹೊರಗೆ ಎಲೆಗೆ ಸುಣ್ಣ ಸವರುತ್ತಿರುತ್ತಿದ್ದರು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಒಂದೇ ಊಟವನ್ನು ಜೊತೆಗೆ ಕೂತು ಮುಗಿಸಿದ್ದಿಲ್ಲ. ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ಉಣ್ಣುತ್ತಾ, ಸುದ್ದಿಯನ್ನೆಲ್ಲ ಕುಕ್ಕರಿಗೆ ಹೇಳುವುದನ್ನು ನಾನು ಕೇಳಿದ್ದೇನೆ.

ನಾನು ಶಿವಮೊಗ್ಗದ ದುರ್ಗಿಗುಡಿಯವನು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನಗೂ ನನ್ನ ಹೆಂಡತಿ ಶೈಲಾಳಿಗೂ ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ದೊಡ್ಡ ಹಡಗಿನಲ್ಲಿ ಪ್ರವಾಸ ಹೋಗುವುದೆಂದು ತೀರ್ಮಾನವಾಯಿತು. ಮುಂಬೈಯಿಂದ ಸಿಂಗಪುರಕ್ಕೆ ಹನ್ನೊಂದು ರಾತ್ರಿ. ಇಬ್ಬರೇ ಹನ್ನೊಂದು ದಿನ ಮುಖ ಮುಖ ನೋಡಿಕೊಂಡು ಏನು ಮಾಡುವುದೆಂಬ ಭಯದಿಂದ ಮಾವ ಅತ್ತೆಯರನ್ನೂ ಕರೆದೆವು. ಹಡಗಿನಲ್ಲಿ ಹೊತ್ತುಹೊತ್ತಿಗೆ ಊಟ, ನಡುನಡುವೆ ತಿಂಡಿ, ಬೇಜಾರಾದರೆ ಆಟ ಕುಣಿತ ಎಂದು ಕೇಳಿದ ಕೂಡಲೇ ಮಾವ ಪೆಟ್ಟಿಗೆ ಕೆಳಗಿಳಿಸಿದರು. ಅತ್ತೆ ಒಪ್ಪಲಿಲ್ಲ. ಭದ್ರಾವತಿಯಲ್ಲಿ ಒಬ್ಬಳೇ ಉಣ್ಣುವುದು ಸಾಲದು ಎಂದು ಸಮುದ್ರದ ಮಧ್ಯೆ ಹೋಗಿ ಒಬ್ಬಳೇ ಉಣ್ಣಬೇಕೇ ಎಂದು ಕೇಳಿದರು. ಕೊನೆಗೆ ಒಂದು ಷರತ್ತಿನ ಮೇಲೆ ಹೊರಟರು. ಅದನ್ನು ನಮ್ಮಿಬ್ಬರ ಎದುರಿಗೇ ಹೇಳಿದರು.

"ಹನ್ನೊಂದು ದಿನದಲ್ಲಿ ಒಂದೇ ಒಂದು ಊಟ ನನ್ನ ಜೊತೆ ಕೂತು, ನಾನು ಮುಗಿಸೋ ತನಕ ಇದ್ದು, ಒಟ್ಟಿಗೆ ಏಳಬೇಕು. ಇಲ್ಲ ಅಂದ್ರೆ ಊರಿಗೆ ಬಂದ ಮೇಲೆ ನಾನು ನಿಮಗೆ ಕಾಯಲ್ಲ. ಹಸಿವಾದಾಗ ನಾನು ಉಂಡುಬಿಡ್ತೀನಿ. ನಿಮ್ಮದು ಮುಚ್ಚಿಟ್ಟಿರ್ತೀನಿ."

ಮಾವನ ಮುಖ ಸಪ್ಪಗಾಯಿತು. ಚಪ್ಪಲಿಯ ಸದ್ದು ಕೇಳಿದ ಕೂಡಲೇ ಬಿಸಿ ರೊಟ್ಟಿ ತಟ್ಟೆಗೆ ಬೀಳುವ ಮನೆಯಲ್ಲಿ ಬದುಕಿದವರಿಗೆ ಮುಚ್ಚಿಟ್ಟ ಊಟ ಅಂದರೆ ಕೈದಿಯ ಊಟ. ಅತ್ತೆ ತಮಾಷೆಗೆ ಹೇಳುತ್ತಿಲ್ಲವೆಂದು ಅವರಿಗೆ ಗೊತ್ತಾಯಿತು. ಒಂದು ಊಟ ತಾನೇ, ಮೊದಲನೆಯ ದಿನವೇ ತೀರಿಸಿಬಿಡುತ್ತೇನೆ ಎಂದು ಧೈರ್ಯದಿಂದ ಹೇಳಿದರು. ನನ್ನ ಕೈಯಲ್ಲಿ ಗಡಿಯಾರ ಇರುತ್ತದೆಂಬ ಕಾರಣಕ್ಕೆ ಅತ್ತೆ ನನ್ನನ್ನು ಅಂಪೈರ್ ಮಾಡಿದರು.

ಹಡಗು ನೋಡಿದರೆ ದುರ್ಗಿಗುಡಿಯನ್ನು ಹನ್ನೆರಡು ಅಂತಸ್ತಾಗಿ ಪೇರಿಸಿ ನೀರಿಗೆ ಬಿಟ್ಟ ಹಾಗಿತ್ತು. ಹತ್ತಿದ ಸ್ವಲ್ಪ ಹೊತ್ತಿಗೇ ಮಾವ ಕಾಣೆಯಾದರು. ಆದದ್ದಿಷ್ಟು. ಹೊರಡುವ ಮುಂಚೆ ಅಪಾಯದ ಸೈರನ್ ಊದಿ, ಎಲ್ಲ ಪ್ರಯಾಣಿಕರನ್ನೂ ಗೊತ್ತಾದ ಜಾಗದಲ್ಲಿ ನಿಲ್ಲಿಸಿ, ಲೈಫ್ ಜಾಕೆಟ್ ಹಾಕಿಕೊಳ್ಳುವುದನ್ನು ತೋರಿಸುವುದು ಹಡಗಿನ ನಿಯಮ. ಸೈರನ್ ಕೂಗಿತು. ಸಾವಿರಾರು ಜನ ಮೆಟ್ಟಿಲಿಳಿದು ಆ ಜಾಗಗಳತ್ತ ಹೊರಟರು. ಭದ್ರಾವತಿಯ ಕಾರ್ಖಾನೆಯ ಸೈರನ್ ಕೇಳಿ ಕೇಳಿ ಪಳಗಿದ ಮಾವ ಮಾತ್ರ, ಸೈರನ್ ಅಂದರೆ ಊಟದ ಹೊತ್ತು ಎಂದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಮೇಲಕ್ಕೆ ಹತ್ತಿದ್ದರು. ನಮ್ಮ ಗುಂಪಿನ ಎಣಿಕೆಯಲ್ಲಿ ಒಬ್ಬರು ಕಡಿಮೆಯಾದರು. ಸಿಬ್ಬಂದಿ ಹುಡುಕಿಕೊಂಡು ಹೋದಾಗ ಖಾಲಿ ಊಟದ ಹಾಲಿನಲ್ಲಿ ಒಬ್ಬರೇ ತಟ್ಟೆ ಹಿಡಿದು, ಮುಚ್ಚಿದ ಪಾತ್ರೆಗಳ ಮುಂದೆ ನಿಂತಿದ್ದರಂತೆ. ಅವರನ್ನು ಕರೆತಂದು ಎಲ್ಲರೆದುರು ಲೈಫ್ ಜಾಕೆಟ್ ತೊಡಿಸಿದರು. ಮಾವನಿಗೆ ನಾಚಿಕೆಯೇನೂ ಆಗಲಿಲ್ಲ. "ಸೈರನ್ ಕೂಗಿ ಊಟ ಹಾಕದೆ ಇರೋ ಜಾಗನ ಇವತ್ತೇ ನೋಡಿದ್ದು" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆವತ್ತಿನ ಸಂಜೆಯ ಊಟದಲ್ಲೇ ಷರತ್ತಿನ ಮೊದಲ ಪ್ರಯತ್ನ ನಡೆಯಿತು. ಮಾವ ಕುರ್ಚಿಯ ಎರಡೂ ಕೈಗಳನ್ನು ಭದ್ರವಾಗಿ ಹಿಡಿದು ಕೂತರು. ಎಂಟು ನಿಮಿಷ ಕಳೆಯಿತು, ಒಂಬತ್ತಾಯಿತು. ಅತ್ತೆ ಸೂಪಿಗೆ ಊದುತ್ತಾ, ಅವರ ತಂಗಿಯ ಮನೆಯ ನಾಯಿ ಕಳೆದುಹೋದ ಕಥೆ ಶುರುಮಾಡಿದ್ದರು. ಹತ್ತನೆಯ ನಿಮಿಷಕ್ಕೆ ಮಾವ ಎದ್ದು ನಡೆದೇಬಿಟ್ಟರು. ಆಮೇಲೆ ವಿಚಾರಿಸಿದರೆ, ತಾನು ಏಳಲಿಲ್ಲ, ಕಾಲು ಎದ್ದವು ಎಂದರು. ನಾನು ಅಂಪೈರಾಗಿ ಅದನ್ನು ಒಪ್ಪಲಿಲ್ಲ.

ಎರಡನೆಯ ದಿನದಿಂದ ಮಾವನಿಗೆ ಬಫೆಯ ಸೌಲಭ್ಯ ಅರ್ಥವಾಯಿತು. ಅಲ್ಲಿ ಊಟದ ನಡುವೆ ಏಳುವುದು ತಪ್ಪಲ್ಲ. ಏಳದಿದ್ದರೆ ಊಟವೇ ಇಲ್ಲ. ಇನ್ನೊಂದು ಚೂರು ಹಾಕಿಸಿಕೊಂಡು ಬರುತ್ತೇನೆಂದು ತಟ್ಟೆ ಹಿಡಿದು ಹೋಗುತ್ತಿದ್ದರು. ಹೋದವರು ಕೇಕಿನ ಮೇಜು ದಾಟಿ, ಹಣ್ಣಿನ ಮೇಜು ದಾಟಿ, ಬಾಗಿಲು ದಾಟಿ ಟೇಬಲ್ ಟೆನಿಸ್ ಆಡುತ್ತಿದ್ದರು. ಹೋಗುವ ಮುಂಚೆ, ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಹಾಕುವ ಹಾಗೆ, ಕುರ್ಚಿಯ ಮೇಲೆ ತಮ್ಮ ಟವೆಲ್ ಹಾಕುವುದನ್ನು ಮರೆಯುತ್ತಿರಲಿಲ್ಲ. ಅತ್ತೆ ಆ ಟವೆಲಿನ ಎದುರಿಗೆ ಕೂತು ಮುಕ್ಕಾಲು ಗಂಟೆ ಉಣ್ಣುತ್ತಿದ್ದರು. ಒಂದು ದಿನ ಯಾರೋ ಗುಜರಾತಿ ಹೆಂಗಸು ಆ ಕುರ್ಚಿ ಖಾಲಿ ಇದೆಯೇ ಎಂದು ಕೇಳಿದಾಗ, ಅತ್ತೆ ತಮ್ಮ ಹರಕು ಹಿಂದಿಯಲ್ಲಿ, ಹತ್ತು ನಿಮಿಷದ ಹಿಂದೆ ಇಲ್ಲಿ ನನ್ನ ಗಂಡ ಇದ್ದರು ಎಂದರು. ಆಕೆ ಗಾಬರಿಯಿಂದ ಸಂತಾಪ ಸೂಚಿಸುವ ಮುಖ ಮಾಡಿಕೊಂಡು ಹೋದಳು. ಶೈಲಾ ನಕ್ಕಳು, ನಾನೂ ನಕ್ಕೆ. ಅತ್ತೆ ನಗಲಿಲ್ಲ. ಅವರು ಆ ಟವೆಲನ್ನು ಮಡಿಸಿ ಕುರ್ಚಿಯ ಮೇಲೆ ಮತ್ತೆ ಸರಿಯಾಗಿ ಇಟ್ಟದ್ದು ನೋಡಿ ನನಗೆ ಮಾವನ ಮೇಲೆ ನಿಜವಾಗಿ ಸಿಟ್ಟು ಬಂತು.

ಹಾಗೆಂದು ಅತ್ತೆ ಊಟವನ್ನು ಕಳೆದುಕೊಂಡವರಲ್ಲ. ಸಸ್ಯಾಹಾರದ ಸಾಲಿನಲ್ಲಿ ಏನೇನಿದೆಯೋ ಎಲ್ಲದರ ರುಚಿ ನೋಡಿ, ಪ್ರತಿಯೊಂದಕ್ಕೂ ನಮ್ಮ ಕಡೆಯ ನೆಂಟರನ್ನು ಹುಡುಕುತ್ತಿದ್ದರು. ಅಲುಗಾಡುವ ಬಿಳಿ ಸಿಹಿಯೊಂದು ಅವರ ಪ್ರಕಾರ ನಮ್ಮ ಗಿಣ್ಣದ ತಂಗಿ, ಪಟ್ಟಣ ಸೇರಿ ಬೆಳ್ಳಗಾಗಿದ್ದಾಳೆ. ಅನ್ನವನ್ನು ಬೆಣ್ಣೆಯಲ್ಲಿ ಮೆತ್ತಗೆ ಬೇಯಿಸಿದ ಇಟಲಿಯ ಪದಾರ್ಥವನ್ನು ಮಾವ ಬಾಯಿಗಿಟ್ಟು, ಇದು ಹುಗ್ಗಿಯೇ, ಒಗ್ಗರಣೆ ಹಾಕುವ ಹೊತ್ತಿಗೆ ಅಡುಗೆಯವನ ಶಿಫ್ಟ್ ಮುಗಿದಿದೆ ಎಂದು ತೀರ್ಪು ಕೊಟ್ಟರು. ಅತ್ತೆ ಊರಿನಿಂದ ತಂದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ನಮ್ಮ ಮೇಜಿನಿಂದ ಪಕ್ಕದ ಮೇಜಿಗೆ, ಅಲ್ಲಿಂದ ಅದರಾಚೆಯ ಮೇಜಿಗೆ ಸಾಗಿ, ನಾಲ್ಕನೆಯ ದಿನ ತಳ ಕಂಡಿತು.

ಮಾವ ಹಡಗಿನ ದಿನವನ್ನು ಮೂರು ಶಿಫ್ಟಾಗಿ ಹಂಚಿಕೊಂಡಿದ್ದರು. ಮೊದಲನೆಯ ಶಿಫ್ಟಿನಲ್ಲಿ ಯೋಗ, ತಿಂಡಿ, ಬಟ್ಟೆ ಮಡಿಸುವ ತರಗತಿ. ಎರಡನೆಯದರಲ್ಲಿ ಊಟ, ಅಂಕಿ ಕೂಗಿ ಆಡಿಸುವ ಹೌಸಿ, ಹಿಂದಿ ಹಾಡಿನ ರಸಪ್ರಶ್ನೆ. ಮೂರನೆಯದರಲ್ಲಿ ಸಾಲಾಗಿ ನಿಂತು ಕುಣಿಯುವುದು. ಕುಣಿತದಲ್ಲಿ ಎಲ್ಲರೂ ಎಡಕ್ಕೆ ತಿರುಗಿದರೆ ಇವರು ಬಲಕ್ಕೆ ತಿರುಗುತ್ತಿದ್ದರು. ಆದರೆ ಎಂಥ ಆತ್ಮವಿಶ್ವಾಸದಿಂದ ತಿರುಗುತ್ತಿದ್ದರೆಂದರೆ, ಹಾಡು ಮುಗಿಯುವಷ್ಟರಲ್ಲಿ ಅರ್ಧ ಸಾಲು ಇವರ ಕಡೆಗೆ ಬಂದಿರುತ್ತಿತ್ತು.

ದಿನಾ ಸಂಜೆ ಕೋಣೆ ಚೊಕ್ಕಟ ಮಾಡುವವರು ಹಾಸಿಗೆಯ ಮೇಲೆ ಟವೆಲಿನಲ್ಲಿ ಒಂದು ಪ್ರಾಣಿ ಮಾಡಿಟ್ಟು ಹೋಗುತ್ತಿದ್ದರು. ಒಂದು ಸಂಜೆ ಆನೆ ಬಂತು. ಮಾವ ಅದನ್ನು ಸುತ್ತ ತಿರುಗಿ ನೋಡಿ, ಕೋಣೆಯ ಆ ಮನುಷ್ಯನನ್ನು ಕರೆಸಿ, ಕಿವಿ ಇಷ್ಟು ದೊಡ್ಡದಿರಬಾರದು, ಇದು ಆಫ್ರಿಕಾದ ಆನೆಯಾಯಿತು, ನಮ್ಮ ಸಕ್ರೆಬೈಲು ಬಿಡಾರದ ಆನೆಗಳನ್ನು ನಾನು ಹತ್ತಿರದಿಂದ ಕಂಡವನು ಎಂದು ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿದರು. ಮಾರನೆಯ ದಿನ ಸಣ್ಣ ಕಿವಿಯ ಆನೆ ಬಂತು. ಮಾವ ಅದಕ್ಕೆ ಹಣೆ ಸಾಲದು ಎಂದರು. ಎಂಟನೆಯ ದಿನ ಇಬ್ಬರೂ ಹಾಸಿಗೆಯ ಮೇಲೆ ಕೂತು ಒಟ್ಟಿಗೆ ಆನೆ ಕಟ್ಟುತ್ತಿದ್ದರು.

ಇದೆಲ್ಲಕ್ಕೂ ಅವರಿಗೆ ಬಿಡುವಿತ್ತು. ಅತ್ತೆಯ ಪಕ್ಕ ಮುಕ್ಕಾಲು ಗಂಟೆ ಕೂರುವುದಕ್ಕೆ ಮಾತ್ರ ಇರಲಿಲ್ಲ. ಒಂಬತ್ತನೆಯ ದಿನ ಅತ್ತೆ ನನ್ನನ್ನು ಕರೆದು, ಅಂಪೈರ್ ಕೆಲಸ ಸಾಕು, ಇನ್ನು ನೀನು ಗಡಿಯಾರ ನೋಡುವುದು ಬೇಡ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ನಾನು ಮಾವನನ್ನು ಹಿಡಿದು ಚೆನ್ನಾಗಿ ಬೈದೆ, ಅಳಿಯನಾದವನು ಬೈಯಬಾರದಷ್ಟು ಬೈದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿ, ಈಜುಕೊಳದ ಹತ್ತಿರ ಕಲ್ಲಂಗಡಿ ತಿನ್ನುವ ಸ್ಪರ್ಧೆ ಇದೆಯಂತೆ, ಹೊತ್ತಾಯಿತು, ಬಾ ಎಂದರು.

ಸ್ಪರ್ಧೆಗೆ ಎಂಟು ಜನ ನಿಂತಿದ್ದರು. ಎಲ್ಲರೂ ಇವರಿಗಿಂತ ಮೂವತ್ತು ವರ್ಷ ಚಿಕ್ಕವರು. ಅವರಲ್ಲಿ ಒಬ್ಬನ ಕುತ್ತಿಗೆ ಮಾವನ ಸೊಂಟದಷ್ಟಿತ್ತು. ತಲಾ ಆರು ಹೋಳು, ಕೈ ಹಿಂದೆ ಕಟ್ಟಿಕೊಳ್ಳಬೇಕು. ಸೀಟಿ ಊದಿದರು. ಉಳಿದವರು ಮುಖ, ಮೂಗು, ಅಂಗಿ ಎಲ್ಲಕ್ಕೂ ಹಣ್ಣು ಬಳಿದುಕೊಳ್ಳುತ್ತಿದ್ದಾಗ ಮಾವ ಒಂದು ಹನಿ ಚೆಲ್ಲದೆ, ಬೀಜವನ್ನು ಒಂದು ಪಕ್ಕಕ್ಕೆ ಉಗಿದಿಟ್ಟು, ಆರೂ ಸಿಪ್ಪೆಗಳನ್ನು ಬೆಳ್ಳಗೆ ಮಾಡಿದರು. ಮಾಡಿದವರೇ ಅಭ್ಯಾಸಬಲದಿಂದ ಕೈ ತೊಳೆಯಲು ಹೊರಟುಹೋದರು. ನಿರೂಪಕ ಗೆದ್ದವರನ್ನು ಮೈಕಿನಲ್ಲಿ ಮೂರು ಸಲ ಕೂಗಿದ. ಕೊನೆಗೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿ, ಗಂಡನ ಪರವಾಗಿ ಪದಕವನ್ನು ತಮ್ಮ ಕೊರಳಿಗೆ ಹಾಕಿಸಿಕೊಂಡರು. ಜೊತೆಗೆ ಒಂದು ಲಕೋಟೆ ಕೊಟ್ಟರು. ನಾನು ಓದಿ ಹೇಳಿದೆ. ಹಡಗಿನ ಮೇಲಂತಸ್ತಿನ ವಿಶೇಷ ಹೋಟೆಲಿನಲ್ಲಿ ಗಂಡ ಹೆಂಡತಿಗೆ ಏಳು ಬಗೆಯ ಊಟ, ಒಂದಾದ ಮೇಲೆ ಒಂದು ಬಡಿಸುತ್ತಾರೆ, ಎರಡು ಗಂಟೆ ಹಿಡಿಯುತ್ತದೆ, ದಯವಿಟ್ಟು ಅವಸರ ಮಾಡಬೇಡಿ. ಅತ್ತೆ ಅಷ್ಟು ದಿನದಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ, ಇದರ ಬದಲು ಬೇರೇನಾದರೂ ಕೊಡುತ್ತಾರಾ ಕೇಳು ಎಂದರು. ನಾನು ಕೇಳಲಿಲ್ಲ.

ಹತ್ತನೆಯ ಸಂಜೆ ನಾನೂ ಶೈಲಾಳೂ ಪಕ್ಕದ ಮೇಜು ಹಿಡಿದೆವು. ಅತ್ತೆ ಮೈಸೂರು ರೇಷ್ಮೆ ಉಟ್ಟಿದ್ದರು. ಮಾವ ಮಗಳ ಮದುವೆಗೆ ಹೊಲಿಸಿದ್ದ ಕೋಟು ಹಾಕಿದ್ದರು. ಅತ್ತೆ ಅವರ ಟವೆಲನ್ನು ಕೋಣೆಯಲ್ಲೇ ಇಡಿಸಿ ಬಂದಿದ್ದರು. ಮೊದಲು ಕಾಫಿ ಲೋಟದಷ್ಟು ಸೂಪು ಬಂತು. ಬಡಿಸುವವರು ಗೋವಾ ಕಡೆಯ ನಡುವಯಸ್ಸಿನ ಗಂಭೀರ ಮನುಷ್ಯ. ಅವರು ಅತ್ತೆಯ ಮುಂದೆ ಲೋಟವಿಟ್ಟು ಈಚೆ ತಿರುಗುವಷ್ಟರಲ್ಲಿ ಮಾವನದು ಖಾಲಿಯಾಗಿತ್ತು. ಪಾಪ, ತುಂಬ ಹಸಿದಿದ್ದಾರೆ ಎಂದು ಅವರು ಇನ್ನೊಂದು ತಂದರು, ಅದೂ ಹೋಯಿತು, ಮತ್ತೊಂದು ತಂದರು. ಎರಡನೆಯ ಬಗೆ ಅಣಬೆ ತುಂಬಿದ ಒಂದೇ ಒಂದು ಪುಟ್ಟ ಕಡುಬು. ಅದನ್ನೂ ಮಾವ ಮೂರು ಸಲ ಉಂಡರು. ಅಷ್ಟರಲ್ಲಿ ಅಡುಗೆಮನೆಯವರಿಗೆ ಲೆಕ್ಕ ತಪ್ಪುತ್ತಿದೆಯೆಂದು ಅನ್ನಿಸಿರಬೇಕು, ಹೆಚ್ಚುವರಿ ತಟ್ಟೆ ನಿಂತುಹೋಯಿತು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಕಾಲು ಗಂಟೆ ಏನೂ ಬರಲಿಲ್ಲ.

ಮಾವ ಏಳಲು ನೋಡಿದರು. ಕುರ್ಚಿ ಒಂದು ಅಂಗುಲ ಹಿಂದೆ ಸರಿದ ಕೂಡಲೇ ಗೋವಾದವರು ಓಡಿಬಂದು, ಬಗ್ಗಿ, ಏನು ಬೇಕಿತ್ತು ಎಂದು ಕೇಳಿದರು. ಮಾವ ಏನೂ ಬೇಡವೆಂದು ಕೂತರು. ಮತ್ತೆ ಸರಿಸಿದರು, ಮತ್ತೆ ಅವರು ಬಂದರು. ಮೂರನೆಯ ಸಲಕ್ಕೆ ಮಾವ ಸೋತರು. ಕೈಗೆ ಕೆಲಸವಿಲ್ಲ, ಬಾಯಿಗೆ ಕೆಲಸವಿಲ್ಲ. ಮೇಜಿನ ಮೇಲಿದ್ದ ಕೈ ಒರೆಸುವ ಬಟ್ಟೆಯನ್ನು ತೆಗೆದುಕೊಂಡು ಆನೆ ಮಾಡತೊಡಗಿದರು. ಅತ್ತೆ ಅವರ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೇಳಿದರು. ನಾವು ಕೇಳಿಸಿಕೊಳ್ಳಬಾರದಿತ್ತು, ಆದರೆ ಕೇಳಿಸಿಕೊಂಡೆವು.

"ರೀ, ನನ್ನ ಜೊತೆ ಕೂತ್ಕೊಳ್ಳೋದು ಅಷ್ಟೊಂದು ಬೇಜಾರಾ ನಿಮಗೆ?"

ಮಾವ ಆನೆಯ ಸೊಂಡಿಲನ್ನು ಎರಡು ಸಲ ಬಿಚ್ಚಿ ಕಟ್ಟಿದರು. ಆಮೇಲೆ ತಲೆಯೆತ್ತದೆ ಹೇಳಿದರು: "ಹಾಗಲ್ಲ ಮಾರಾಯ್ತಿ. ನೀನು ಸೌಟು ಹಿಡ್ಕೊಂಡು ಬಾಗಿಲ ಹತ್ರ ನಿಂತಿರ್ತಿದ್ದೆ. ನಾನು ಎದ್ದ ಮೇಲೇ ನೀನು ತಟ್ಟೆ ಹಾಕ್ಕೊಳ್ಳೋದು. ನಾನು ನಿಧಾನ ಮಾಡಿದಷ್ಟೂ ನಿನಗೆ ಹಸಿವು ಜಾಸ್ತಿ ಅಲ್ವಾ? ಅದಕ್ಕೇ ಬೇಗ ಬೇಗ ಉಂಡು ಏಳ್ತಿದ್ದೆ."

ಶೈಲಾ ಚಮಚ ಕೆಳಗಿಟ್ಟಳು. ಅತ್ತೆ ಮಾತ್ರ ಅಲುಗಲಿಲ್ಲ. "ಸರಿ. ಉಂಡ ಮೇಲೆ ಅಲ್ಲೇ ಕೂತಿರಬಹುದಿತ್ತಲ್ಲ?" ಅಂದರು.

ಮಾವ ಆನೆಯ ಕಿವಿಯನ್ನು ಇನ್ನಷ್ಟು ಸಣ್ಣದು ಮಾಡಿದರು. "ಅದು ಹೊಳೀಲಿಲ್ಲ" ಅಂದರು.

"ಮೊದ್ಲು ಹೇಳಿದ್ದು ಸುಳ್ಳು, ಎರಡನೇದು ನಿಜ" ಎಂದರು ಅತ್ತೆ. "ಆದ್ರೂ ಆ ಸುಳ್ಳನ್ನ ಇನ್ನೊಂದ್ಸಲ ಹೇಳಿ. ಚೆನ್ನಾಗಿತ್ತು."

ಮಾವ ಇನ್ನೊಂದು ಸಲ ಹೇಳಿದರು. ಈ ಸಲ ಸೌಟಿನ ಜೊತೆಗೆ ಅತ್ತೆಯ ಬಳೆಯ ಸದ್ದು, ಮದುವೆಯಾದ ಹೊಸದರಲ್ಲಿ ಉಡುತ್ತಿದ್ದ ಹಸಿರು ಸೀರೆ ಎಲ್ಲ ಸೇರಿಕೊಂಡವು. ನಾಲ್ಕನೆಯ ಬಗೆ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅತ್ತೆ ತಂಗಿಯ ಮನೆಯ ನಾಯಿಯ ಕಥೆಯನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಮಾವ ನಡುವೆ ಬಾಯಿ ಹಾಕಿ, ಆ ನಾಯಿ ಸಿಕ್ಕಿತಾ ಇಲ್ಲವಾ ಎಂದು ಕೇಳಿದರು. ಅತ್ತೆಗೆ ಅವರ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಉಪಚಾರ ನಡೆದಿರಲಿಕ್ಕಿಲ್ಲ. ಕೂತು ಎರಡು ಗಂಟೆ ಹತ್ತು ನಿಮಿಷವಾದ ಮೇಲೆ ಇಬ್ಬರೂ ಒಟ್ಟಿಗೆ ಎದ್ದರು. ನನ್ನನ್ನು ಕೆಲಸದಿಂದ ತೆಗೆದಿದ್ದರೂ ನಾನು ಗಡಿಯಾರ ನೋಡಿದ್ದೆ. ಮಾವ ಹೇಳಿದ್ದು ಪೂರ್ತಿ ಸುಳ್ಳೇ ಎಂದು ಆವತ್ತು ನಾನೂ ಅಂದುಕೊಂಡಿದ್ದೆ. ಈಗ ಅಷ್ಟು ಖಂಡಿತವಾಗಿ ಹೇಳಲಾರೆ.

ಭದ್ರಾವತಿಗೆ ಬಂದ ಮೇಲೆ ಮಾವನ ವೇಗವೇನೂ ಕಡಿಮೆಯಾಗಲಿಲ್ಲ. ಎಂಟು ನಿಮಿಷಕ್ಕೆ ತಟ್ಟೆ ಖಾಲಿಯೇ. ಆದರೆ ಈಗ ಇಬ್ಬರ ತಟ್ಟೆಯೂ ಒಟ್ಟಿಗೆ ಬೀಳುತ್ತಿತ್ತು. ಮಾವ ತಮ್ಮದು ಮುಗಿಸಿ ಎಂಜಲು ಕೈಯಲ್ಲೇ ಕೂತಿರುತ್ತಿದ್ದರು. ನಾನು ಹೋದಾಗಲೆಲ್ಲ, ಕೈ ಒಣಗಿ ಚಕ್ಕುಲಿಯಾಯಿತು ನೋಡು ಅಳಿಯ ಎಂದು ದೂರುತ್ತಿದ್ದರು. ಅತ್ತೆ ಬೇಕೆಂದೇ ಇನ್ನೊಂದು ಚೂರು ಮೊಸರನ್ನ ಕಲಸಿಕೊಳ್ಳುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು.

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮಾವ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕುರ್ಚಿಗೆ ಒರಗಿದವರು ಮತ್ತೆ ಕಣ್ಣು ತೆರೆಯಲಿಲ್ಲ. ಯಾವ ಕೆಲಸವನ್ನೂ ಎಳೆದಾಡದ ಮನುಷ್ಯ ಇದನ್ನೂ ಎಳೆದಾಡಲಿಲ್ಲ. ನನಗೆ ಅಪ್ಪ ಹೋದಾಗ ಬರದಷ್ಟು ಅಳು ಬಂತು, ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ. ನಮ್ಮವರಲ್ಲಿ ಆವತ್ತು ಬಂದವರಿಗೆಲ್ಲ ಊಟ ಹಾಕಿ, ಮನೆಯವರು ಕೊನೆಗೆ ಕೂರುತ್ತಾರೆ. ಆದರೆ ಫರ್ನೇಸಿನಲ್ಲಿ ಮಾವನ ಜೊತೆ ದುಡಿದ ಹಳಬರು, ಇಪ್ಪತ್ತು ಇಪ್ಪತ್ತೈದು ಜನ, ಅತ್ತೆಯನ್ನು ಬಿಡಲಿಲ್ಲ. ಅಕ್ಕ ಕೂರದೆ ನಾವು ಎಲೆ ಮುಟ್ಟುವುದಿಲ್ಲ ಎಂದು ಹಟ ಹಿಡಿದು, ತಮ್ಮ ಸಾಲಿನ ತುದಿಯಲ್ಲೇ ಅವರಿಗೂ ಎಲೆ ಹಾಕಿಸಿದರು. ಸಾಲಿನಲ್ಲಿ ಒಬ್ಬರು ಉಣ್ಣುತ್ತಿರುವಾಗ ಇನ್ನೊಬ್ಬರು ಏಳಬಾರದೆಂಬುದು ಹಿಂದಿನಿಂದ ಇರುವ ನಿಯಮ. ಈಗ ಅದನ್ನು ಯಾರೂ ಪಾಲಿಸುವುದಿಲ್ಲ. ಆ ವಿಭಾಗದವರಂತೂ ಯಾವತ್ತೂ ಪಾಲಿಸಿದವರಲ್ಲ.

ಅವರೆಲ್ಲರ ಎಲೆ ಹತ್ತು ನಿಮಿಷದೊಳಗೆ ಖಾಲಿಯಾಯಿತು. ಅತ್ತೆ ಆಗಿನ್ನೂ ಪಲ್ಯದಲ್ಲಿದ್ದರು. ಮೊದಮೊದಲು ತುತ್ತು ಬಾಯಿಗೆ ಹೋಗಲಿಲ್ಲ. ಪಕ್ಕದಲ್ಲಿದ್ದ ಮಣಿಯಣ್ಣ, ಮಾವನ ಜೊತೆ ಅದೇ ಶಿಫ್ಟಿನಲ್ಲಿದ್ದ ತಮಿಳರು, ಹಡಗಿನ ಸೈರನ್ ಕಥೆ ಏನಕ್ಕ ಅದು, ಹಾಲೇಶಣ್ಣ ಅರ್ಧಂಬರ್ಧ ಹೇಳಿದ್ದ ಎಂದು ಕೇಳಿದರು. ಅತ್ತೆ ಹೇಳತೊಡಗಿದರು. ಒಂದು ತುತ್ತು, ಒಂದು ಮಾತು. ಖಾಲಿ ಹಾಲಿನಲ್ಲಿ ತಟ್ಟೆ ಹಿಡಿದು ನಿಂತ ಮಾವನ ಹತ್ತಿರ ಕಥೆ ಬಂದಾಗ ಸಾಲಿಗೆ ಸಾಲೇ ನಕ್ಕಿತು. ಅತ್ತೆಯೂ ಕಣ್ಣೊರೆಸಿಕೊಂಡು ನಕ್ಕರು. ಬಡಿಸುವವರು ಮುಂದಿನ ಸಾಲಿನ ಜನ ಕಾಯುತ್ತಿದ್ದಾರೆಂದು ನನಗೆ ಸನ್ನೆ ಮಾಡಿದರು. ನಾನು ಸುಮ್ಮನಿರಿ ಎಂದು ತಿರುಗಿ ಸನ್ನೆ ಮಾಡಿದೆ.

ಮಜ್ಜಿಗೆ ಅನ್ನ ಮುಗಿಸಿ ಅತ್ತೆ ತಲೆಯೆತ್ತಿ ನೋಡಿದರು. ಇಪ್ಪತ್ತೈದು ಜನ ಮುದುಕರು ಒಣಗಿದ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವರನ್ನೇ ನೋಡುತ್ತಾ ಕೂತಿದ್ದರು.

"ಯಾಕ್ರಪ್ಪ, ನಿಮಗ್ಯಾರಿಗೂ ಕೆಲ್ಸ ಇಲ್ವಾ ಇವತ್ತು?" ಅಂದರು ಅತ್ತೆ.

"ನೀವು ನಿಧಾನ ಉಣ್ಣಿ ಅಕ್ಕ" ಅಂದರು ಮಣಿಯಣ್ಣ. "ಇನ್ನೊಂದು ಸೌಟು ಹಾಕ್ಸಿಕೊಳ್ಳಿ."

ಅತ್ತೆ ಹಾಕಿಸಿಕೊಂಡರು.